ಸೀಟಿಯಿಲ್ಲದ ಕುಕ್ಕರಿನಲ್ಲಿ ಕಾಫಿ ಬೀಜ

ಶಿಸ್ತಿರುವ ಮನೆಯಲ್ಲಿ ನಗೆಪಾಟಲಿಗೆ ಜಾಗವಿಲ್ಲವೆಂದು ನಾನು ನಂಬಿದ್ದೆ. ಕಾಫಿ ಬೀಜವನ್ನು ಮನೆಯಲ್ಲೇ ಹುರಿಯಲು ಹೊರಟ ಮೇಲೆ ನಗೆಪಾಟಲಿಲ್ಲದ ವಾರವೇ ಇಲ್ಲವಾಗಿದೆ.

ಕಾರಣ ನಮ್ಮ ಅತ್ತೆ. ನಮ್ಮೂರ ಮಂಡಿಪೇಟೆಯಲ್ಲಿ ಅವರಿಗೆ ಒಗ್ಗುವಂತೆ ಹುರಿದು ಪುಡಿ ಮಾಡಿಕೊಡುತ್ತಿದ್ದ ಅಂಗಡಿ ಮುಚ್ಚಿತು. ಬೇರೆ ಯಾವ ಪುಡಿ ತಂದರೂ ಒಂದು ಗುಟುಕು ಕುಡಿದು ಲೋಟ ಸರಿಸುತ್ತಿದ್ದರು. ಬೆಳಗಿನ ಕಾಫಿ ಬಿಟ್ಟವರು ಬರಬರುತ್ತ ತಿಂಡಿಯನ್ನೂ ಬಿಟ್ಟರು. ಎಂಬತ್ತು ದಾಟಿದ ಜೀವ, ನಗುವ ವಿಷಯವಲ್ಲ. ಅವರು ಒಂದು ಲೋಟ ಪೂರ್ತಿ ಕುಡಿಯುವಂಥ ಕಾಫಿ ಮಾಡಿಯೇ ತೀರಬೇಕೆಂದು ನಿಶ್ಚಯಿಸಿದೆ.

೧. ಹರಿಹರದ ಲೇತ್ ಅಂಗಡಿ

ಬಾಣಲೆಯಲ್ಲಿ ಹುರಿದರೆ ಬೀಜ ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ಹಸಿ. ಹಳೆಯ ಕುಕ್ಕರನ್ನು ಹರಿಹರದ ಲೇತ್ ಅಂಗಡಿಗೆ ಒಯ್ದೆ. ಸೀಟಿ ಕೂರುವ ತೂತನ್ನು ದೊಡ್ಡದು ಮಾಡಿ, ಒಳಗೆ ಬೀಜ ತಿರುವಲು ಸರಳು, ಮೇಲೆ ಹಿಡಿಕೆ ಕೂರಿಸಿ ಎಂದೆ.

“ಅಲ್ರೀ ಅಮ್ಮಾರೆ, ಸೀಟಿ ತೆಗೆದ್ರೆ ಅನ್ನ ಬೆಂದಿದ್ದು ಹೆಂಗೆ ಗೊತ್ತಾಗ್ತೈತೆ?” ಎಂದರು ಅಂಗಡಿಯವರು.

“ಅನ್ನಕ್ಕಲ್ಲ, ಕಾಫಿಗೆ.”

“ಹಾಂ... ಮನೆ ತುಂಬ ಜನ ಅನ್ರಿ.”

ಕೆಲಸ ಅಚ್ಚುಕಟ್ಟಾಗಿತ್ತು. ಹಿಡಿಕೆ ಬೆರಳು ಮುಟ್ಟಿಸಿದರೆ ತಿರುಗುತ್ತಿತ್ತು. ತಿರುಗಲೆಂದು ಅವರು ಧಾರಾಳವಾಗಿ ಗ್ರೀಸ್ ಮೆತ್ತಿದ್ದರು. ಅದು ನನಗೆ ತಿಳಿದದ್ದು ಮೊದಲ ಕಾಫಿ ಅತ್ತೆಯ ಮುಂದಿಟ್ಟ ಮೇಲೆ.

ಅವರು ಮೂಸಿ ನೋಡಿ ಹೇಳಿದರು: “ಕುಡಿಯಾಕ ಬ್ಯಾಡ. ನನ್ನ ಮೊಣಕಾಲಿಗೆ ಹಚ್ಚು, ಸಲೀಸಾಗಿ ಮಡಚಲಿ.”

೨. ಪಕ್ಕದ ಮನೆಯವರ ಕಣ್ಣು

ಗ್ರೀಸನ್ನೆಲ್ಲ ಉಜ್ಜಿ ತೊಳೆದು, ಹಿತ್ತಿಲಲ್ಲಿ ಒಲೆ ಇಟ್ಟು, ಪ್ರತಿ ಮಂಗಳವಾರ ಹುರಿಯತೊಡಗಿದೆ. ದೇವರಾಜ ಅರಸು ಬಡಾವಣೆಯಲ್ಲಿ ನಮಗೂ ಪಕ್ಕದವರಿಗೂ ನಡುವೆ ಒಂದು ಗೋಡೆ ಅಷ್ಟೆ. ಪಕ್ಕದ ಮನೆಯಾಕೆ ಮಾತು ಬಿಟ್ಟರು. ನಾನೇ ಕರೆದು ವಿಚಾರಿಸಿದೆ.

“ಮಂಗಳವಾರ ಬಂತಂದ್ರೆ ದೃಷ್ಟಿ ತೆಗೆದು ನಮ್ಮ ಕಡೆಗೇ ಹೊಗೆ ಬಿಡ್ತೀರಲ್ರೀ, ನಮ್ಮ ಕಣ್ಣೇ ಬಿತ್ತೇನು ನಿಮಗೆ?”

ದೃಷ್ಟಿಗೆ ಸುಡುವುದು ಒಣಮೆಣಸಿನಕಾಯಿ, ಇದು ಕಾಫಿ ಎಂದು ವಿವರಿಸಿ, ಗೋಡೆಯ ಮೇಲಿಂದ ಒಂದು ಹಿಡಿ ಬೀಜ ಕೊಟ್ಟೆ. ಆ ದಿನದ್ದು ಸೀದುಹೋಗಿತ್ತು. ಆಕೆ ಅಂಗೈಯಲ್ಲಿಟ್ಟು ನೋಡಿ ಮೆತ್ತಗಾದರು.

“ಅಯ್ಯೋ, ಇಷ್ಟು ಕರ್ರಗಾಗೈತಲ್ರೀ! ನಿಮಗೆ ಭಾಳ ದೊಡ್ಡ ದೃಷ್ಟಿನೇ ಆಗಿತ್ತು ಬಿಡ್ರಿ.”

೩. ಬಿಳಿ ಅಂಗಿ

ಹುರಿದ ಬೀಜ ಕೂಡಲೇ ಆರಬೇಕು. ಮೊರದಲ್ಲಿ ಹರವಿ ಟೇಬಲ್ ಫ್ಯಾನ್ ಹಚ್ಚಿದೆ. ಹೊಟ್ಟು ಹಾರಿ, ನಿಟ್ಟುವಳ್ಳಿಯ ಗೃಹಪ್ರವೇಶಕ್ಕೆ ಹೊರಟಿದ್ದ ನಮ್ಮ ಯಜಮಾನರ ಬಿಳಿ ಅಂಗಿಯ ಮೇಲೆ ಕೂತಿತು. ಅವರು ಎದೆ ಕೊಡವಿಕೊಂಡರು, ಬೆನ್ನು ಮರೆತರು.

ಊಟದ ಪಂಕ್ತಿಯಲ್ಲಿ ಯಾರೋ ಬೆನ್ನು ಸವರಿ ಕೇಳಿದರಂತೆ: “ರೈಸ್ ಮಿಲ್ ಹಾಕಿದ್ದು ಹೇಳಲೇ ಇಲ್ಲಲ್ರೀ!”

೪. ಪೂರ್ತಿ ಲೋಟ

ಕೊನೆಗೊಂದು ಮಂಗಳವಾರ ಎಲ್ಲವೂ ಸರಿಯಾಯಿತು. ಬೀಜ ಚಟಪಟ ಸಿಡಿದು ಬಣ್ಣ ತಿರುಗಿತು, ಇಳಿಸಿದೆ. ಮರುದಿನ ಬೆಳಿಗ್ಗೆ ಅತ್ತೆ ಒಂದು ಗುಟುಕು ಕುಡಿದರು. ಲೋಟ ಸರಿಸಲಿಲ್ಲ. ಇನ್ನೊಂದು ಗುಟುಕು. ಲೋಟ ಬರಿದಾಯಿತು. ನಾನು ಸೆರಗು ಸರಿಮಾಡಿಕೊಂಡು ಹೊಗಳಿಕೆಗೆ ಕಾದು ನಿಂತೆ.

“ಮಂಡಿಪೇಟೆ ಅಂಗಡಿ ಮತ್ತೆ ತೆಗೆದ್ರೇನು?”

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು. “ಇನ್ಮೇಲೆ ಇದನ್ನೇ ತಗೊಂಡ್ ಬಾ. ಆ ಕುಕ್ಕರ್ ಕಾಫಿ ಕೊಟ್ಯೋ, ನಾನು ಮುಟ್ಟಂಗಿಲ್ಲ. ಎರಡು ಇಡ್ಲಿ ಹಾಕ್ಕೊಂಡ್ ಬಾ ಈಗ.”

ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಆದರೆ ಇಡ್ಲಿ ಎಂಬ ಮಾತು ಕಿವಿಗೆ ಬಿದ್ದಿತ್ತು. “ಹೌದು ಅತ್ತೆ, ತೆಗೆದಿದ್ದಾರೆ” ಎಂದೆ.

ಇನ್ನು ಹಿತ್ತಿಲಲ್ಲಿ ಹೊಗೆಯೆದ್ದರೆ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಮಂಗಳವಾರ ಬಸ್ಸು ಹತ್ತಿ ಹರಿಹರದ ನಾದಿನಿಯ ಮನೆಗೆ ಹೋಗಿ, ಅಲ್ಲಿ ಬಚ್ಚಿಟ್ಟ ಕುಕ್ಕರಿನಲ್ಲಿ ಹುರಿದು, ಪುಡಿ ಮಾಡಿ, ಅಂಗಡಿಯ ಪೊಟ್ಟಣದಂತೆ ಕಟ್ಟಿ ತರುತ್ತೇನೆ. ಅತ್ತೆ ಕಾಫಿ ಕುಡಿಯುತ್ತಿದ್ದಾರೆ, ತಿಂಡಿ ತಿನ್ನುತ್ತಿದ್ದಾರೆ, ಬೈಯುವ ಶಕ್ತಿಯೂ ಮರಳಿ ಬಂದಿದೆ.

ಕಳೆದ ವಾರ ಬಸ್ಸು ತಡವಾಯಿತು. ಅತ್ತೆ ಬಾಗಿಲಲ್ಲೇ ಕೂತಿದ್ದರು.

“ಮಂಡಿಪೇಟೆಗೆ ಹೋಗಿ ಬರಾಕ ಅರ್ಧ ದಿನ ಬೇಕೇನು? ಇಷ್ಟು ವರ್ಷ ಇದೇ ಊರಾಗ ಇದ್ದೀಯ. ಕಾನ್ವೆಂಟಿನ ಇಂಗ್ಲಿಷ್ ಸಾಕು, ಚೂರು ದಾರಿ ಕಲಿ.”