ಲಾಭದಿಂದ ಎಣಿಸುವ ಯಂತ್ರ

ಸವಣೂರಿನ ಕರಬಸಪ್ಪನ ಅಂಗಡಿಯಲ್ಲಿ ವೀಳ್ಯದೆಲೆ ಎಣಿಸುವಾಗ ಯಾರೂ 'ಒಂದು' ಎನ್ನುವುದಿಲ್ಲ. ಮೊದಲು 'ಲಾಭ', ಆಮೇಲೆ 'ಎರಡು'. ಅಕ್ಕನ ಮಗ ಮೈಲಾರಲಿಂಗ ಎಲೆ ಎಣಿಸುವ ಯಂತ್ರಕ್ಕೆ ಪ್ರೋಗ್ರಾಂ ಬರೆದಾಗಲೂ ಅಷ್ಟೇ. ಮಾವನ ಹಟಕ್ಕೆ ಮಣಿದು, ಕ್ಯಾಮೆರಾ ಕಳಿಸುವ ಅಂಕಿಗಳ ಸಾಲಿನ ತಲೆಗೇ ಒಂದು 'ಲಾಭ' ಕೂರಿಸಿ, ಮರೆತೂಬಿಟ್ಟಿದ್ದ.

ಆಗ ಯಂತ್ರ ಅಂಕಿಗಳನ್ನು ಒಂದೊಂದಾಗಿ ಓದುತ್ತಿತ್ತು. ಎತ್ತಿನ ಗಾಡಿಯ ನಡಿಗೆ, ಕೈಲಿ ಎಣಿಸುವುದಕ್ಕಿಂತ ನಿಧಾನ. ನಿನ್ನೆ ಅವನು ಹದಿನಾರು ಹದಿನಾರು ಒಟ್ಟಿಗೆ ಎತ್ತುವಂತೆ ತಿದ್ದಿದ. ಇಂದು ಬೆಳಿಗ್ಗೆಯಿಂದ ಶುರು ಮಾಡಿದಾಗಲೆಲ್ಲ ಕ್ರ್ಯಾಶ್.

"ಮೂರು ಹೊಡ್ಯೂದ್ರೊಳಗ ನಡದ್ರ ಸರಿ. ಇಲ್ಲಂದ್ರ ಹುಚ್ಚವ್ವನ ಬಾಜೂಕ ಕುಂತು ಕೈಲೆ ಎಣಿಸು," ಎಂದ ಕರಬಸಪ್ಪ.

ಮೂವತ್ತು ಬುಟ್ಟಿ ಎಲೆ ಕಾದಿದ್ದವು. ಎಂಜಿನಿಯರಿಂಗ್ ಓದಿದ ಮೈಲಾರಲಿಂಗನಿಗೆ ಚಾಪೆಯ ಮೇಲೆ ಕೂತು ಎಲೆ ಎಣಿಸುವುದೆಂದರೆ ಜೀವ ಹೋದಷ್ಟು ನಾಚಿಕೆ.

ಎದುರಿನ ಚಹಾದಂಗಡಿಯ ಇರ್ಫಾನ ಬಂದು ನೋಡಿದ. "ಟೇಬಲ್ ಸೊಟ್ಟ ಐತಿ ಭಾಯ್," ಎಂದು ಅದರ ಕಾಲಿನಡಿ ರಟ್ಟು ತುರುಕಿದ. ಕ್ರ್ಯಾಶ್. ಎಲೆ ಎಣಿಸುವ ಹುಚ್ಚವ್ವ "ದೃಷ್ಟಿ ಆಗೇತೋ ತಮ್ಮಾ," ಎಂದು ನಿಂಬೆಹಣ್ಣು ನಿವಾಳಿಸಿ ಕೀಬೋರ್ಡಿನ ಮೇಲೇ ಹಿಂಡಿದಳು. ಕ್ರ್ಯಾಶ್ ಹೋಗಲಿಲ್ಲ, ಎಂಟರ್ ಕೀಲಿ ಅಂಟಿಕೊಂಡಿತು.

ಎರಡೂವರೆಗೆ ಮೈಲಾರಲಿಂಗನಿಗೆ ಬೆಳಕಾಯಿತು. ಯಂತ್ರ ಕ್ರ್ಯಾಶ್ ಆದಾಗಲೆಲ್ಲ ಅದು ಓದುತ್ತಿದ್ದುದು ಮೆಮೊರಿಯ 4097ನೇ ಮನೆ. ಹದಿನಾರನ್ನು ಒಮ್ಮೆಗೇ ಎತ್ತಬೇಕಾದರೆ ಸಾಲು ಹದಿನಾರರಿಂದ ಭಾಗವಾಗುವ ಮನೆಯಿಂದಲೇ ಶುರುವಾಗಬೇಕು. 4096 ಭಾಗವಾಗುತ್ತದೆ. ಅಲ್ಲಿ ಕಾಲು ಚಾಚಿ ಕೂತವರು ಯಾರು? ತಾನೇ ಕೂರಿಸಿದ ಲಾಭ! ಹಣೆ ಹಣೆ ಬಡಿದುಕೊಂಡ.

ಲಾಭ ತೆಗೆದರೆ ಮಾವ ಬಿಡುವುದಿಲ್ಲ. ಅದರ ಬೆನ್ನಿಗೆ ಹದಿನೈದು ಸೊನ್ನೆ ತುಂಬಿದ. ಎಲೆಗಳ ಸಾಲು 4112ಕ್ಕೆ ಸರಿಯಿತು, ಅದೂ ಹದಿನಾರರಿಂದ ಭಾಗವಾಗುವ ಮನೆ; ಯಂತ್ರ ಗಡಗಡ ಓಡಿತು. ಎರಡೇ ನಿಮಿಷಕ್ಕೆ ಒಂದು ಬುಟ್ಟಿ ಖಾಲಿ.

"ಭಲೇ! ಏನ್ ಮಾಡಿದ್ಯೋ?" ಎಂದ ಕರಬಸಪ್ಪ.

ಖುಷಿಯಲ್ಲಿ ಬಾಯಿ ಜಾರಿತು. "ಲಾಭ ಆದಮ್ಯಾಲೆ ಹದಿನೈದು ಸೊನ್ನಿ ಇಟ್ಟೇನ್ರಿ ಮಾವಾ."

ಮಾವನ ಮುಖ ಕಪ್ಪಿಟ್ಟಿತು. "ಲಾಭದ ಬೆನ್ನಿಗೆ ಸೊನ್ನಿ? ನನ್ನ ಅಂಗಡ್ಯಾಗ? ತಗಿ ಮೊದ್ಲ!"

"ಹಂಗಾರ ಸೊನ್ನಿ ಬದ್ಲಿ ಲಾಭಾನ ತುಂಬ್ತೇನ್ರಿ. ಒಟ್ಟು ಹದಿನಾರು ಲಾಭ."

"ಹದಿನಾರು? ಎಲಿ ತಂದ ರೈತರು ಕೇಳಿದ್ರ ನನ್ನ ಚರ್ಮ ಸುಲಿತಾರ! ಲಾಭ ಇರ್ಲಿ, ಅದರ ಮಗ್ಗಲಕ್ಕ ಸೀದಾ ಎಲಿ ಬರ್ಲಿ."

ತೆಗೆದ. ಕ್ರ್ಯಾಶ್. ಗೋಡೆಯ ಗಡಿಯಾರ ಮೂರು ಹೊಡೆಯಿತು.

ಹುಚ್ಚವ್ವ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟಳು. ಮೈಲಾರಲಿಂಗ ಕಾಲು ಮಡಚಿ ಕೂತು ಮೊದಲ ಎಲೆ ಎತ್ತಿದ.

"ಒಂದು..."

"ಏಯ್!" ಎಂದರು ಮಾವ, ಹುಚ್ಚವ್ವ, ಇರ್ಫಾನ ಮೂವರೂ.

"ಲಾಭ," ಎಂದ ಮೈಲಾರಲಿಂಗ.