ಮಾಳಿಗೆಯ ಅಣಬೆ ಕಳ್ಳ

ಒಂದು ಕುಕ್ಕೆ ಅಣಬೆ ಒಣಹಾಕಿದ ಮನುಷ್ಯನಿಗೆ ಮೂರನೇ ದಿನ ಬರೀ ಮೂರು ಹಿಡಿ ಸಿಕ್ಕಿದರೆ ಕೋಪ ಬರುತ್ತದೋ ಇಲ್ಲವೋ ನೀವೇ ಹೇಳಿ. ಪೇಟೆಯಂಚಿನ ಉಪ್ಪಾರಹಳ್ಳಿಯ ಗಂಗಹನುಮಯ್ಯನಿಗಂತೂ ಬಂತು. (ಅವನಿಗೆ ಕಾಫಿ ಆರಿದರೂ ಬರುತ್ತದೆ, ಆ ಮಾತು ಬೇರೆ.)

ಅಣಬೆ ತಂದವನು ಊರ್ಡಿಗೆರೆಯ ಬಾಮೈದ ಚಿಕ್ಕಬೀರಯ್ಯ. ಎಂಬತ್ತೊಂದನೇ ಇಸವಿಯ ಗೌರಿಹಬ್ಬ ಕಳೆದ ಮೇಲೆ ಹುತ್ತದ ಮೇಲೆ ಎದ್ದ ಬಿಳೀ ಅಣಬೆಗೆ ಮುತ್ತುಗದೆಲೆ ಮುಚ್ಚಿಕೊಂಡು ಮೊದಲ ಬಸ್ಸಿಗೇ ಬಂದಿದ್ದ.

"ಇವತ್ತೇ ಸಾರು ಮಾಡ್ಬುಡಿ ಬಾವ. ಮಡಗಿದ್ರೆ ಹುಳ ಬೀಳ್ತದೆ. ನಿಮ್ಮ ಪೇಟೆಯೋರಿಗೆ ತಿನ್ನೋಕೆ ಬತ್ತದೆ, ಮಡಗೋಕೆ ಬರಾಕಿಲ್ಲ."

"ಒಣಗ್ಸಿ ಮಡಗ್ತೀನಿ ಕಣೋ. ಯುಗಾದಿ ಮಾರನೇ ದಿನ ಹೊಸತೊಡಕಿಗೆ ಬಾ. ಇದೇ ಅಣಬೆ ಸಾರು ಬಡಿಸ್ದಿದ್ರೆ ಈ ಮೀಸೆ ಬೋಳಿಸ್ಕೋತೀನಿ," ಎಂದು ಗಂಗಹನುಮಯ್ಯ ಘೋರ ಪ್ರತಿಜ್ಞೆ ಮಾಡಿದ.

ಹೆಂಡತಿ ರೇವಮ್ಮ ಏನೋ ಹೇಳಲು ಬಾಯಿ ತೆರೆದಳು. "ನೀನು ಸುಮ್ನಿರು" ಎಂದ. ಸುಮ್ಮನಾದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಸುಮ್ಮನಿರುವುದರ ರುಚಿ ಅವಳಿಗೆ ಗೊತ್ತಿತ್ತು.

ಅಣಬೆ ಒಣಹಾಕಿದ್ದ ತೆರೆದ ಮಾಳಿಗೆಯ ಬೀಗದ ಕೈ ಇದ್ದದ್ದು ಬಾಡಿಗೆ ಮನೆಯ ಒಡತಿ ಸರ್ವಮಂಗಳಮ್ಮನವರ ಸೊಂಟದಲ್ಲಿ. ಲಿಂಗಪೂಜೆಯಾಗದೆ ನೀರು ಮುಟ್ಟದ, ಅಣಬೆ ಕಂಡರೆ ಸೆರಗಿನಿಂದ ಮೂಗು ಮುಚ್ಚುವ ಹೆಂಗಸು. ಪಾಪ ಅಂತ ಒಂದು ಮೂಲೆ ಬಿಟ್ಟುಕೊಟ್ಟಿದ್ದರು. ಮೂರನೇ ಸಂಜೆ ಗಂಗಹನುಮಯ್ಯ ಮೊರ ಹಿಡಿದು ಅವರ ಬಾಗಿಲಿಗೇ ಹೋದ.

"ಅಮ್ಮಾರೇ, ಬೀಗದ ಕೈ ನಿಮ್ಮತ್ರಾನೇ ತಾನೆ ಇರೋದು?"

"ಹೌದಪ್ಪ. ಏನೀಗ?"

"ಕುಕ್ಕೆ ಅಣಬೆ ಮೂರು ಹಿಡಿ ಆಗೈತೆ."

"ಅಂದ್ರೆ, ಕೊರಳಲ್ಲಿ ಲಿಂಗ ಕಟ್ಕೊಂಡಿರೋ ನಾನು ತಿಂದೆ ಅಂತೀಯಾ?"

"ನಾನೇನೂ ಅಂದಿಲ್ಲ. ಬೀಗ ಅಂತದೆ."

ಬೀದಿಯೇ ಬಂದು ಸೇರಿತು. ಶಿರಾ ಗೇಟಿನ ಅಂಗಡಿಗೆ ಪಂಪಿನ ಬೆಲ್ಟು ತರಲು ಬಂದಿದ್ದ ಚಿಕ್ಕಬೀರಯ್ಯನೂ ಆ ಹೊತ್ತಿಗೇ ಬಂದ. ಮೊರದಿಂದ ಒಂದು ಅಣಬೆ ಎತ್ತಿ ಲಟ್ಟನೆ ಮುರಿದು ನೋಡಿದ.

"ಕಳ್ಳ ಸಿಕ್ಕ ಬಾವ."

"ಯಾರ್ಲಾ ಅವ್ನು?"

ಚಿಕ್ಕಬೀರಯ್ಯ ಮುಳುಗುತ್ತಿದ್ದ ಸೂರ್ಯನ ಕಡೆ ಬೆರಳೆತ್ತಿದ. "ಮ್ಯಾಲಿನೋನು. ನೀರೆಲ್ಲ ಅವ್ನು ಕುಡ್ದ, ಅಣಬೆ ಸುಕ್ಕೋಯ್ತು. ಅಕ್ಕ ಹೇಳ್ಲಿಲ್ವಾ?"

"ಸುಮ್ನಿರು ಅಂದಿದ್ರು," ಎಂದಳು ರೇವಮ್ಮ.

ಗಂಗಹನುಮಯ್ಯನ ಕೋಪ ಅಣಬೆಗಿಂತ ಬೇಗ ಸುಕ್ಕಿತು. ಕೈ ಮುಗಿದ. ಸರ್ವಮಂಗಳಮ್ಮ ನಗದೆಯೇ ತೀರ್ಪು ಕೊಟ್ಟರು: "ಕಾವಲಿನ ಮೇಲೆ ನಿಂಗೆ ಇಷ್ಟು ಆಸೆ ಇದ್ರೆ, ಬೇಸಿಗೇಲಿ ನನ್ನ ಸಂಡಿಗೆ ಕಾಯಿ."

ಅವರು ಸಂಡಿಗೆ ಇಟ್ಟದ್ದು ಸರಿಯಾಗಿ ಹೊಸತೊಡಕಿನ ದಿನ. ಗಂಗಹನುಮಯ್ಯ ಮಾಳಿಗೆಯಲ್ಲಿ ಕೋಲು ಹಿಡಿದು ಕಾಗೆಗಳಿಗೆ ಬಯ್ಯುತ್ತಿದ್ದ. ಕೆಳಗೆ ಮೂರು ಹಿಡಿ ಅಣಬೆ ಬಿಸಿನೀರು ಕುಡಿದು ಉಬ್ಬಿ ಪಾತ್ರೆ ತುಂಬಿತು. ಸಾರಿನ ಘಮ ಮೆಟ್ಟಿಲು ಹತ್ತಿ ಬಂತು. ಸಂಡಿಗೆ ಬಿಟ್ಟು ಇವನು ಇಳಿಯುವ ಹಾಗಿರಲಿಲ್ಲ.

ನಾಲ್ಕು ಗಂಟೆಗೆ ಇಳಿದು ಬಂದರೆ ಪಾತ್ರೆಯ ತಳದಲ್ಲಿ ಎರಡು ಬೆಳ್ಳುಳ್ಳಿ ಎಸಳು.

"ನಿಮ್ಮ ಮೀಸೆ ಉಳೀತು ಬುಡಿ ಬಾವ," ಎಂದ ಚಿಕ್ಕಬೀರಯ್ಯ, ಗೋಡೆಗೊರಗಿ.

"ಸಾರೆಲ್ಲ ಯಾರ್ಲಾ ಖಾಲಿ ಮಾಡ್ದೋರು?"

ಚಿಕ್ಕಬೀರಯ್ಯ ದೊಡ್ಡದಾಗಿ ತೇಗಿ, ಬೆರಳನ್ನು ಸೂರಿನ ಕಡೆ ಎತ್ತಿದ. "ಮ್ಯಾಲಿನೋನು."

ಗಂಗಹನುಮಯ್ಯ ಹೆಂಡತಿಯ ಕಡೆ ತಿರುಗಿದ. ರೇವಮ್ಮ ಸುಮ್ಮನಿದ್ದಳು. ಅವಳ ತುಟಿಯಂಚಿನ ಮಸಾಲೆ ಇನ್ನೂ ಆರಿರಲಿಲ್ಲ.