ಜಿರ್ಯಿಸನ ಐದು ಗಂಟೆ

ಜಿರ್ಯಿಸ್ ಮಾಡಿದ ತಪ್ಪು ಒಂದೇ. ಹತ್ತು ಗಂಟೆಗೆ ಸರ್ಕಾರಿ ವಿಮಾ ಕಚೇರಿಯ ಅಧಿಕಾರಿಣಿ ಬರುತ್ತಾಳೆಂದು ಮೆಟ್ಟಿಲ ಮೇಲೆ ಸಿಕ್ಕ ಉಮ್ ಶುಕ್ರಿಗೆ ಹೇಳಿಬಿಟ್ಟ. ಮೇಲಿನ ಮಹಡಿಯ ಆ ಹೆಂಗಸಿಗೆ ಹೇಳುವುದೂ ಒಂದೇ, ಹೈಫಾ ನಗರದ ವಾದಿ ನಿಸ್ನಾಸ್ ಎಂಬ ಕೇರಿಗೆಲ್ಲ ಡಂಗುರ ಹೊಡೆಸುವುದೂ ಒಂದೇ.

ಅವನ ಹೆಂಡತಿ ನಜ್ಲಾಗೆ ಕತ್ತಿನಿಂದ ಕೆಳಗೆ ಸ್ವಾಧೀನ ತಪ್ಪಿ ಆರು ವರ್ಷ. ನಾಲಿಗೆ ಮಾತ್ರ ಮೊದಲಿಗಿಂತ ಚುರುಕು. ಆರೈಕೆಯವಳೊಬ್ಬಳನ್ನು ವಿಮೆಯವರು ವಾರಕ್ಕೆ ಹದಿನಾಲ್ಕು ಗಂಟೆ ಕಳಿಸುತ್ತಿದ್ದರು. ಉಳಿದ ಹೊತ್ತೆಲ್ಲ ಜಿರ್ಯಿಸನೇ. ಮೂವತ್ತು ವರ್ಷ ಬಸ್ಸು ಓಡಿಸಿದ ಅವನ ಬೆನ್ನು, ಅವಳನ್ನು ಎತ್ತಿ ಕೂರಿಸುವಾಗಲೆಲ್ಲ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಇನ್ನೂ ಹತ್ತು ಗಂಟೆ ಕೊಡಿ ಎಂದು ಅರ್ಜಿ ಹಾಕಿದ್ದ; ಮನೆಯ ಸ್ಥಿತಿ ಕಣ್ಣಾರೆ ನೋಡಿ ತೀರ್ಮಾನಿಸಲು ಅಧಿಕಾರಿಣಿ ಬರುವವಳಿದ್ದಳು.

ಒಂಬತ್ತೂವರೆಗೆ ಉಮ್ ಶುಕ್ರಿ ಪೊರಕೆ ಹಿಡಿದು ಇಳಿದು ಬಂದಳು.

"ಸರ್ಕೊಳ್ಳಿ ಜಿರ್ಯಿಸಣ್ಣ! ಮನೆ ಈ ಅವಸ್ಥೇಲಿದ್ರೆ ಬಂದೋಳು ಏನಂದ್ಕೋತಾಳೆ?"

"ಅಯ್ಯೋ ಅಕ್ಕಾ, ಈ ಅವಸ್ಥೆ ನೋಡೋಕೇ ಅವಳು ಬರ್ತಿರೋದು!"

"ಕೇರಿ ಮರ್ಯಾದೆ ಏನಾಗ್ಬೇಕು?" ಎಂದು ಆಕೆ ಗುಡಿಸತೊಡಗಿದಳು.

ಎದುರು ಮನೆಯ ವದೀಅಮ್ಮ ಒಂದು ಪಾತ್ರೆ ತುಂಬ ಅನ್ನ ತುಂಬಿ ಬೇಯಿಸಿದ, ಎಳೆ ಸೋರೆಯಂಥ ಕೂಸಾಕಾಯಿ ತಂದಿಟ್ಟಳು. ಕೆಳಗಿನ ಕ್ಷೌರಿಕ ಇಲ್ಯಾಸ್ ಅಂಗಡಿ ಮುಚ್ಚಿಕೊಂಡು ಬಂದು, ಜಿರ್ಯಿಸನ ಎರಡು ದಿನದ ಗಡ್ಡಕ್ಕೆ ಸೋಪು ಹಚ್ಚಿಯೇಬಿಟ್ಟ. ಗಡ್ಡವಿದ್ದರೆ ಪಾಪ ಅನ್ನಿಸೀತೆಂದು ಬೇಕೆಂದೇ ಬಿಟ್ಟಿದ್ದ ಗಡ್ಡ ಅದು!

"ಎಲ್ಲರೂ ಆಚೆ ನಡೀರಿ!" ಎಂದು ಜಿರ್ಯಿಸ್ ಧಡಕ್ಕನೆ ಎದ್ದ. ಸೊಂಟ ಹಿಡಿದುಕೊಂಡಿತು. ಅರ್ಧ ಮುಖಕ್ಕೆ ನೊರೆ, ಮೈ ಕೊಡೆಯ ಹಿಡಿಯಂತೆ ಡೊಂಕು. ನಜ್ಲಾಳನ್ನು ಕೂರಿಸಲು ಅವನಿಂದಾಗದ್ದು ಕಂಡು ಇಲ್ಯಾಸ್ ಒಂದು ಕಡೆ, ಉಮ್ ಶುಕ್ರಿ ಇನ್ನೊಂದು ಕಡೆ ಹಿಡಿದು ಹೂವಿನಂತೆ ಗಾಲಿಕುರ್ಚಿಗಿಳಿಸಿದರು. ಅದೇ ಗಳಿಗೆಗೆ ಅಧಿಕಾರಿಣಿ ಬಾಗಿಲಲ್ಲಿ ನಿಂತಿದ್ದಳು.

"ಇವರೆಲ್ಲ ಯಾರು?"

"ನೆರೆಮನೆಯವರು ಮೇಡಂ, ಇವತ್ತು ಸುಮ್ನೆ…" ಜಿರ್ಯಿಸ್ ಬಾಯಿಬಿಡುವಷ್ಟರಲ್ಲಿ ಉಮ್ ಶುಕ್ರಿ ಮುಂದೆ ಬಂದಳು.

"ಇವತ್ತೇನು, ದಿನಾ ಬರ್ತೀವಿ! ನಜ್ಲಾ ನನ್ನ ಒಡಹುಟ್ಟಿದ ತಂಗಿ ಇದ್ದಂಗೆ. ಈ ಕೈಯಾರೆ ಉಣ್ಣಿಸ್ತೀನಿ."

"ಇವಳು ಕಳೆದ ಸಲ ಬಂದಿದ್ದು ಈಸ್ಟರ್‌ಗೆ, ಅದೂ ಜರಡಿ ಕೇಳೋಕೆ," ಎಂದಳು ನಜ್ಲಾ.

ತಮಾಷೆಯೆಂದುಕೊಂಡು ಎಲ್ಲರೂ ಹೊಟ್ಟೆ ತುಂಬ ನಕ್ಕರು. ಅಧಿಕಾರಿಣಿಯೂ ನಕ್ಕಳು. ಆಮೇಲೆ ಬಹಳ ಹೊತ್ತು ಬರೆದಳು.

"ಪುಣ್ಯವಂತರು ನೀವು," ಎಂದಳು ಹೊರಡುವಾಗ, ನಿಜವಾಗಿಯೂ ಮನಸ್ಸು ತುಂಬಿ. "ಇಂಥ ನೆರೆಹೊರೆ ನಾನೆಲ್ಲೂ ಕಂಡಿಲ್ಲ. ಯಾರೂ ಇಲ್ಲದೋರಿಗೆ ಆ ಗಂಟೆ ಸಿಗಲಿ. ನಿಮಗೆ ಒಂಬತ್ತು ಸಾಕು ಅಂತ ಬರೆದಿದ್ದೀನಿ."

ಹತ್ತು ಹೆಚ್ಚು ಕೇಳಿದವನಿಗೆ ಇದ್ದ ಹದಿನಾಲ್ಕರಲ್ಲೇ ಐದು ಹೋಯಿತು.

ಸಂಜೆಯ ಹೊತ್ತಿಗೆ ಸುದ್ದಿ ತಿಳಿದು ಕೇರಿ ಕೊತಕೊತ ಕುದಿಯಿತು. ಖಂಡನಾ ಸಭೆ ನಡೆಯಲೇಬೇಕೆಂದಾಯಿತು; ನಡೆದದ್ದು ಜಿರ್ಯಿಸನ ಮನೆಯಲ್ಲೇ. ಹನ್ನೊಂದು ಜನ ಸೋಫಾ, ಮಂಚ, ಕಿಟಕಿಕಟ್ಟೆ ಬಿಡದೆ ತುಂಬಿಕೊಂಡು ಸರ್ಕಾರವನ್ನು ಬೈದರು. ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡ ಜಿರ್ಯಿಸ್ ಒಲೆಯ ಮುಂದೆ ಕಾಫಿ ಕುದಿಸುತ್ತಿದ್ದ.

"ನನಗೆ ಸಕ್ಕರೆ ಕಮ್ಮಿ, ಅಣ್ಣಾ!" ಎಂದು ಒಳಗಿನಿಂದ ಕೂಗಿದಳು ಉಮ್ ಶುಕ್ರಿ.

ಮೊದಲ ಲೋಟವನ್ನು ಅವನು ನಜ್ಲಾಳ ತುಟಿಗೆ ಹಿಡಿದ. ಅವಳು ಗುಟುಕರಿಸಿ, ತುಂಬಿದ ಕೋಣೆಯತ್ತ ಕಣ್ಣು ಹೊರಳಿಸಿದಳು.

"ಕಳೆದುಹೋಯ್ತು ಅಂತ ಅಳ್ಬೇಡ. ನಿನ್ನ ಐದು ಗಂಟೆ ಎಲ್ಲೂ ಹೋಗಿಲ್ಲ. ನೋಡು, ಸೋಫಾ ಮೇಲೆ ಕೂತು ಕಾಫಿಗೆ ಕಾಯ್ತಿದೆ."

ಆರು ವರ್ಷದಲ್ಲಿ ಅಷ್ಟು ನಕ್ಕಿರಲಿಲ್ಲ ಜಿರ್ಯಿಸ್. ನಕ್ಕಿದ್ದಕ್ಕೆ ಸೊಂಟ ಇನ್ನೊಮ್ಮೆ ಹಿಡಿದುಕೊಂಡಿತು.